ಪಾದರಸ ಸೇರಿದ ರಸೌಷಧಿಗಳು ಮತ್ತು ಮೂತ್ರಪಿಂಡ: ಶೋಧನೆಯಾದ ಮೇಲೂ ಅಪಾಯ ಉಳಿಯುತ್ತದೆಯೇ?

ಸೀಗೆಮಕ್ಕಿ ಕೇಳಿದ ಪ್ರಶ್ನೆ

ನಮ್ಮ ಭಾವನವರಿಗೆ ಐವತ್ತೈದು ದಾಟಿದೆ. ಬಹಳ ಕಾಲದಿಂದ ಸೋರಿಯಾಸಿಸ್ ಕಾಡುತ್ತಿದ್ದುದರಿಂದ ಸುಮಾರು ಒಂದು ವರ್ಷ ಒಬ್ಬ ಪಂಡಿತರಲ್ಲಿ ಔಷಧಿ ಮಾಡಿಸಿಕೊಂಡರು. ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡುತ್ತಿದ್ದ ನುಣುಪಾದ ಕಪ್ಪು ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ಎರಡು ಹೊತ್ತು ನೆಕ್ಕಬೇಕಿತ್ತು. ಜೊತೆಗೆ ಅಂಗಡಿಯಿಂದ ತಂದ ಆರೋಗ್ಯವರ್ಧಿನಿ ಮಾತ್ರೆ, ಹೊತ್ತಿಗೆ ಎರಡರಂತೆ. ಚರ್ಮದ ತೊಂದರೆ ಕಡಿಮೆಯಾಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು, ಇಲ್ಲದಿದ್ದರೆ ಅವರು ಇಷ್ಟು ದಿನ ಮುಂದುವರಿಸುತ್ತಿರಲಿಲ್ಲ.

ದೀಪಾವಳಿಯ ಆಸುಪಾಸಿನಲ್ಲಿ ಬೆಳಗ್ಗೆ ಏಳುವಾಗ ಕಣ್ಣಿನ ಸುತ್ತ ಊತ ಕಾಣಿಸಿಕೊಂಡಿತು. ಸಂಜೆಯ ಹೊತ್ತಿಗೆ ಕಣಕಾಲಿನ ಮೇಲೆ ಬೆರಳು ಒತ್ತಿದರೆ ಗುಳಿ ಬಿದ್ದು ಹಾಗೆಯೇ ಉಳಿಯುತ್ತಿತ್ತು, ಮೂತ್ರದಲ್ಲಿ ನೊರೆ. ಆಸ್ಪತ್ರೆಯಲ್ಲಿ ನೋಡಿದಾಗ 24 ಗಂಟೆಯ ಮೂತ್ರದಲ್ಲಿ 6 ಗ್ರಾಂನಷ್ಟು ಪ್ರೋಟೀನು ಹೋಗುತ್ತಿತ್ತು, ರಕ್ತದ ಅಲ್ಬುಮಿನ್ 2.3ಕ್ಕೆ ಇಳಿದಿತ್ತು, ಆದರೆ ಕ್ರಿಯಾಟಿನಿನ್ 0.9 ಮಾತ್ರ. ಬಯಾಪ್ಸಿ ವರದಿಯಲ್ಲಿ ಮೆಂಬ್ರೇನಸ್ ನೆಫ್ರೋಪತಿ ಎಂದು ಬಂದಿದೆ. ಪಿಎಲ್‌ಎ2ಆರ್ ಇಲ್ಲ, ನೆಲ್-1 ಇದೆ ಎಂದು ಬರೆದಿದ್ದಾರೆ. ಆ ವರದಿ ಕೈಗೆ ಬಂದ ಕೂಡಲೇ ವೈದ್ಯರು ಕೇಳಿದ ಮೊದಲ ಪ್ರಶ್ನೆ, ಯಾವುದಾದರೂ ನಾಟಿ ಔಷಧಿ ತಿನ್ನುತ್ತಿದ್ದೀರಾ ಎಂಬುದು.

ಪಂಡಿತರನ್ನು ವಿಚಾರಿಸಿದರೆ, ಶೋಧನೆಯಾಗಿ, ಅಂದರೆ ಶುದ್ಧಿ ಮಾಡಿ, ಗಂಧಕದಲ್ಲಿ ಬಂಧಿತವಾದ ಪಾದರಸ ಪಾದರಸವಾಗಿಯೇ ಉಳಿಯುವುದಿಲ್ಲ, ಅದರಿಂದ ಕಿಡ್ನಿಗೆ ತೊಂದರೆಯಾಗುವ ಪ್ರಶ್ನೆಯೇ ಇಲ್ಲ ಎಂದರು. ಇದರಲ್ಲಿ ನಿಜವೆಷ್ಟು? ಕ್ರಿಯಾಟಿನಿನ್ ಸರಿಯಿದ್ದೂ ಕಿಡ್ನಿಗೆ ಇಷ್ಟು ದೊಡ್ಡ ಕಾಯಿಲೆ ಇರಲು ಹೇಗೆ ಸಾಧ್ಯ? ಇದು ವಾಸಿಯಾಗುವಂಥದ್ದೇ? ಪದ್ಧತಿ-ಪದ್ಧತಿಗಳ ನಡುವಿನ ಜಗಳಕ್ಕೆ ಇದನ್ನು ತಿರುಗಿಸದೆ, ತಿಳಿದವರು ಬರೆದರೆ ಉಪಕಾರವಾಗುತ್ತದೆ.

ಮೂತ್ರಪಿಂಡ ವೈದ್ಯ

ನಾನು ಮೂತ್ರಪಿಂಡ ತಜ್ಞ. ನಿಮ್ಮ ಭಾವನವರನ್ನು ನೋಡಿಕೊಳ್ಳುತ್ತಿರುವ ವೈದ್ಯರು ಸರಿಯಾದ ದಾರಿಯಲ್ಲಿಯೇ ಇದ್ದಾರೆ ಎಂದು ನೀವು ಕೊಟ್ಟ ವಿವರಗಳಿಂದ ತಿಳಿಯುತ್ತದೆ. ಆದ್ದರಿಂದ ಇಲ್ಲಿ ಬರೆಯುವುದು ತಿಳಿವಳಿಕೆಗಾಗಿ ಮಾತ್ರ, ಅವರ ಸಲಹೆಗೆ ಬದಲಾಗಿ ಅಲ್ಲ.

ಮೊದಲು ಕ್ರಿಯಾಟಿನಿನ್ ವಿಷಯ. ಮೂತ್ರಪಿಂಡಕ್ಕೆ ಕಸವನ್ನು ಹೊರಹಾಕುವ ಕೆಲಸ ಇರುವಂತೆಯೇ ದೇಹಕ್ಕೆ ಬೇಕಾದುದನ್ನು ಹೊರಗೆ ಬಿಡದೆ ತಡೆಯುವ ಕೆಲಸವೂ ಇದೆ. ಕ್ರಿಯಾಟಿನಿನ್ ಹೇಳುವುದು ಕಸದ ಲೆಕ್ಕವನ್ನಷ್ಟೇ. ಜರಡಿಯ ಕಣ್ಣು ಹರಿದು ಹಿಟ್ಟೂ ತೌಡೂ ಒಟ್ಟಿಗೆ ಕೆಳಗೆ ಬೀಳುತ್ತಿದ್ದರೆ, ಎಷ್ಟು ಬೇಗ ಬೀಳುತ್ತಿದೆ ಎಂದು ಅಳೆಯುವವನಿಗೆ ಯಾವ ದೋಷವೂ ಕಾಣಿಸುವುದಿಲ್ಲ. ಮೆಂಬ್ರೇನಸ್ ನೆಫ್ರೋಪತಿಯಲ್ಲಿ ಆಗುವುದು ಅದೇ. ದಿನಕ್ಕೆ 3.5 ಗ್ರಾಂಗಿಂತ ಹೆಚ್ಚು ಪ್ರೋಟೀನು ಸೋರಿ, ರಕ್ತದ ಅಲ್ಬುಮಿನ್ ಕುಸಿದು, ಮೈಯಲ್ಲಿ ನೀರು ತುಂಬಿಕೊಂಡ ಬಳಿಕವೂ ಕ್ರಿಯಾಟಿನಿನ್ ತಿಂಗಳುಗಟ್ಟಲೆ ಸರಿಯಾಗಿಯೇ ಇರಬಲ್ಲದು. ರಸೌಷಧಿ ಸೇವಿಸುವವರು ಆಗಾಗ ರಕ್ತಪರೀಕ್ಷೆ ಮಾಡಿಸಿ, ಕಿಡ್ನಿ ಚೆನ್ನಾಗಿದೆ ಎಂದು ನಿಶ್ಚಿಂತರಾಗಿರುವುದನ್ನು ನಾನು ಪದೇ ಪದೇ ನೋಡಿದ್ದೇನೆ. ಅವರಿಗೆ ಬೇಕಾಗಿದ್ದುದು ಮೂತ್ರದ ಪ್ರೋಟೀನು ಪರೀಕ್ಷೆ. ಅದು ರಕ್ತಪರೀಕ್ಷೆಗಿಂತಲೂ ಅಗ್ಗ.

ಪಾದರಸ ಮೂತ್ರಪಿಂಡವನ್ನು ಎರಡು ಬೇರೆ ಬೇರೆ ದಾರಿಗಳಲ್ಲಿ ಕೆಡಿಸುತ್ತದೆ, ಇವೆರಡನ್ನೂ ಕಲಸಿಬಿಟ್ಟರೆ ಚರ್ಚೆ ದಾರಿ ತಪ್ಪುತ್ತದೆ. ಮೊದಲನೆಯದು ನೇರವಾದ ವಿಷಬಾಧೆ. ಕರಗಬಲ್ಲ ಪಾದರಸದ ಲವಣ ರಕ್ತಕ್ಕೆ ಸೇರಿದರೆ ಅದರ ಅಯಾನು ಗಂಧಕವಿರುವ ಅಣುಗಳಿಗೆ, ಅಂದರೆ ಸಿಸ್ಟೀನ್, ಗ್ಲುಟಥಯೋನ್ ಮುಂತಾದವುಗಳಿಗೆ, ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆ ಜೋಡಿಯನ್ನು ಮೂತ್ರಪಿಂಡದೊಳಗಿನ ಸಣ್ಣ ನಾಳಗಳ ಮೊದಲ ಭಾಗದ ಜೀವಕೋಶಗಳು ತಮಗೆ ಬೇಕಾದ ವಸ್ತುವೆಂದೇ ಭಾವಿಸಿ ಒಳಗೆ ಎಳೆದುಕೊಳ್ಳುತ್ತವೆ. ದೇಹದಲ್ಲಿರುವ ಅಜೈವಿಕ ಪಾದರಸ ಹೆಚ್ಚಾಗಿ ಶೇಖರವಾಗುವ ಅಂಗ ಮೂತ್ರಪಿಂಡವೇ ಆಗಿರುವುದು ಇದರಿಂದ. ಪ್ರಮಾಣ ಹೆಚ್ಚಾದರೆ ಆ ಕೋಶಗಳು ಸಾಯುತ್ತವೆ, ಒಂದೆರಡು ದಿನಗಳಲ್ಲಿ ಮೂತ್ರವೇ ನಿಂತುಹೋಗಬಹುದು. ರಸಕರ್ಪೂರದಂಥ ಕ್ಲೋರೈಡು ಲವಣಗಳನ್ನು ನುಂಗಿದವರಲ್ಲಿ ಕಾಣುವ ಚಿತ್ರ ಇದು. ಇಲ್ಲಿ ಪ್ರಮಾಣಕ್ಕೆ ತಕ್ಕಂತೆ ಹಾನಿ.

ಎರಡನೆಯ ದಾರಿ ರೋಗನಿರೋಧಕ ವ್ಯವಸ್ಥೆಯ ಮೂಲಕ ಹೋಗುತ್ತದೆ. ಇದಕ್ಕೆ ದೊಡ್ಡ ಪ್ರಮಾಣ ಬೇಕಾಗಿಲ್ಲ, ಕೆಲವರಲ್ಲಿ ಮಾತ್ರ ಆಗುತ್ತದೆ, ತಿಂಗಳುಗಟ್ಟಲೆ ಸೇವಿಸಿದ ಮೇಲೆ ಕಾಣಿಸಿಕೊಳ್ಳುತ್ತದೆ. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಗ್ಲಾಮೆರುಲಸ್‌ಗಳ ಸೋಸುಪೊರೆಯ ಹೊರಬದಿಯಲ್ಲಿ ಪ್ರತಿಕಾಯಗಳು ಕೂತು ಪೊರೆಯನ್ನು ದಪ್ಪಗೊಳಿಸುತ್ತವೆ, ಪ್ರೋಟೀನು ಸೋರತೊಡಗುತ್ತದೆ. ಈ ಕಾಯಿಲೆಯಲ್ಲಿ ಪ್ರತಿಕಾಯಗಳ ಗುರಿಯೇನು ಎಂಬುದು ಬಹುಕಾಲ ತಿಳಿದಿರಲಿಲ್ಲ. 2009ರಲ್ಲಿ ಪಿಎಲ್‌ಎ2ಆರ್ ಎಂಬ ಗುರಿ ಪತ್ತೆಯಾಯಿತು, 2020ರಲ್ಲಿ ನೆಲ್-1. ಪಿಎಲ್‌ಎ2ಆರ್ ಬಗೆಯದು ಬಹುಮಟ್ಟಿಗೆ ತಾನಾಗಿ ಬರುವ ಕಾಯಿಲೆ. ನೆಲ್-1 ಕಂಡಾಗ ಮಾತ್ರ ಹೊರಗಿನ ಕಾರಣವೊಂದನ್ನು ಹುಡುಕಲೇಬೇಕು. ಪಾಶ್ಚಾತ್ಯ ದೇಶಗಳ ವರದಿಗಳಲ್ಲಿ ಅದರೊಡನೆ ಎದ್ದು ಕಂಡದ್ದು ಕ್ಯಾನ್ಸರ್. ನಮ್ಮ ದಕ್ಷಿಣ ಭಾರತದಲ್ಲಿ ಚಿತ್ರ ಬೇರೆ. ಚೆನ್ನೈನ ರೋಗಶಾಸ್ತ್ರಜ್ಞರು ಮತ್ತವರ ಸಹೋದ್ಯೋಗಿಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು 90 ಮಂದಿ ನೆಲ್-1 ರೋಗಿಗಳ ಪೈಕಿ ಮೂರರಲ್ಲೊಂದು ಭಾಗದಷ್ಟು ಜನ ದೇಶೀಯ ಔಷಧಿಗಳನ್ನು ಸೇವಿಸಿದ್ದರು, ಆ ಔಷಧಿಗಳಲ್ಲಿ ಪಾದರಸವೂ ಸಿಕ್ಕಿತು. ನಿಮ್ಮ ವೈದ್ಯರು ವರದಿ ನೋಡಿದ ಕೂಡಲೇ ನಾಟಿ ಔಷಧಿಯ ಬಗ್ಗೆ ಕೇಳಿದ್ದಕ್ಕೆ ಇದೇ ಕಾರಣ. ಹಾಗೆಂದು ಔಷಧಿ ಸಿಕ್ಕಿತು ಎಂಬ ಸಮಾಧಾನದಲ್ಲಿ ಕ್ಯಾನ್ಸರ್ ತಪಾಸಣೆಯನ್ನು ಬಿಡಬಾರದು. ಅವರ ವಯಸ್ಸಿಗೆ ತಕ್ಕ ಪರೀಕ್ಷೆಗಳನ್ನು ಒಮ್ಮೆ ಮಾಡಿಸಿಬಿಡಿ.

ವಾಸಿಯಾಗುವ ವಿಷಯದಲ್ಲಿ ಆಶೆಗೆ ಸಾಕಷ್ಟು ಆಧಾರವಿದೆ. ಔಷಧಿ ನಿಲ್ಲಿಸಿ, ಪ್ರೋಟೀನು ಸೋರಿಕೆಯನ್ನು ತಗ್ಗಿಸುವ ರಕ್ತದೊತ್ತಡದ ಮಾತ್ರೆಗಳನ್ನು ಕೊಟ್ಟರೆ, ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವ ತೀವ್ರ ಔಷಧಿಗಳಿಲ್ಲದೆಯೇ ಹೆಚ್ಚಿನವರಲ್ಲಿ ಸೋರಿಕೆ ನಿಧಾನವಾಗಿ ಇಳಿಯುತ್ತದೆ. ವಾರಗಳಲ್ಲಿ ಅಲ್ಲ, ತಿಂಗಳುಗಳಲ್ಲಿ. ಅಲ್ಲಿಯವರೆಗೆ ಎಚ್ಚರ ಬೇಕಾದುದು ಬೇರೊಂದು ವಿಷಯದಲ್ಲಿ: ಅಲ್ಬುಮಿನ್ 2.5ಕ್ಕಿಂತ ಕೆಳಗಿರುವಾಗ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ನೋವು ಬಂದರೆ ಅಥವಾ ಉಸಿರು ಹಿಡಿದಂತಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ರಸಾಯನ ಮೇಷ್ಟ್ರು

ಶೋಧನೆಯಾದ ಪಾದರಸ ಪಾದರಸವಾಗಿ ಉಳಿಯುವುದಿಲ್ಲ ಎಂಬ ಮಾತನ್ನು ರಸಾಯನಶಾಸ್ತ್ರದ ಕಡೆಯಿಂದ ನೋಡುತ್ತೇನೆ. ಮೂಲಧಾತು ಎಲ್ಲಿಗೂ ಹೋಗುವುದಿಲ್ಲ, ಅದರ ಸಂಯುಕ್ತ ಬದಲಾಗುತ್ತದೆ. ಆದರೆ ಸಂಯುಕ್ತ ಬದಲಾಗುವುದೂ ಸಣ್ಣ ಸಂಗತಿಯಲ್ಲ. ಪಾದರಸದ ಸಲ್ಫೈಡು, ಅದು ಗಣಿಯಲ್ಲಿ ಸಿಗುವ ಇಂಗಳೀಕವಿರಲಿ, ಖಲ್ವದಲ್ಲಿ, ಅಂದರೆ ಅರೆಯುವ ಕಲ್ಲಿನಲ್ಲಿ, ಅರೆದ ಕಪ್ಪು ಕಜ್ಜಲಿಯಿರಲಿ, ಕುಪ್ಪಿಯಲ್ಲಿ ಬೇಯಿಸಿದ ಕೆಂಪು ರಸಸಿಂಧೂರವಿರಲಿ, ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ ಕರಗುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕರುಳಿನಿಂದ ಹೀರಿಕೆಯಾಗುವ ಇಂಗಳೀಕ ಶೇಕಡಾ 0.2ಕ್ಕಿಂತ ಕಡಿಮೆ. ಮರ್ಕ್ಯುರಿಕ್ ಕ್ಲೋರೈಡಾದರೆ ಶೇಕಡಾ 10ರ ಆಸುಪಾಸು. ಇಲ್ಲಿಯವರೆಗೆ ಪಂಡಿತರ ಮಾತಿಗೆ ಬೆಂಬಲವಿದೆ.

ಈಗ ಪ್ರಮಾಣದ ಲೆಕ್ಕ ಹಾಕೋಣ. ಆರೋಗ್ಯವರ್ಧಿನಿಯ ಶಾಸ್ತ್ರೋಕ್ತ ಪಾಠದಲ್ಲಿ ಪಾದರಸ, ಗಂಧಕ, ಲೋಹಭಸ್ಮ, ಅಭ್ರಕಭಸ್ಮ, ತಾಮ್ರಭಸ್ಮ ತಲಾ ಒಂದು ಭಾಗ. ತ್ರಿಫಲೆಯ ಮೂರೂ ಕಾಯಿಗಳು ತಲಾ ಎರಡು. ಶಿಲಾಜತು ಮೂರು, ಗುಗ್ಗುಳ ನಾಲ್ಕು, ಚಿತ್ರಮೂಲ ನಾಲ್ಕು. ಅಲ್ಲಿಗೆ 22 ಭಾಗವಾಯಿತು. ಇವೆಲ್ಲದರ ಸಮ ತೂಕದ ಕಟುಕರೋಹಿಣಿ ಸೇರಿದರೆ 44. ಅಂದರೆ ಪಾದರಸ ನಲವತ್ತನಾಲ್ಕರಲ್ಲಿ ಒಂದು ಭಾಗ, ಶೇಕಡಾ 2.27. ಮಾತ್ರೆ 250 ಮಿಲಿಗ್ರಾಂನದಾಗಿ ದಿನಕ್ಕೆ ನಾಲ್ಕು ನುಂಗಿದರೆ ಹೆಚ್ಚುಕಡಿಮೆ 23 ಮಿಲಿಗ್ರಾಂ ಪಾದರಸ ಹೊಟ್ಟೆಗೆ ಹೋಗುತ್ತದೆ, ವಾರಕ್ಕೆ 160 ಮಿಲಿಗ್ರಾಂ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಯ ಜಂಟಿ ತಜ್ಞ ಸಮಿತಿ ಅಜೈವಿಕ ಪಾದರಸಕ್ಕೆ 2010ರಲ್ಲಿ ಗೊತ್ತುಮಾಡಿದ ವಾರದ ಮಿತಿ, ದೇಹತೂಕದ ಪ್ರತಿ ಕಿಲೋಗೆ 4 ಮೈಕ್ರೋಗ್ರಾಂ. 60 ಕಿಲೋ ತೂಕದವರಿಗೆ 0.24 ಮಿಲಿಗ್ರಾಂ. ಬರಿದೆ ಹೋಲಿಸಿದರೆ ಆರುನೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಆದರೆ ಅದು ನ್ಯಾಯವಾದ ಹೋಲಿಕೆಯಲ್ಲ, ಏಕೆಂದರೆ ಆ ಮಿತಿಯನ್ನು ಕ್ಲೋರೈಡು ಲವಣದ ಪ್ರಯೋಗಗಳಿಂದ ನಿರ್ಧರಿಸಿದ್ದಾರೆ. ನ್ಯಾಯವಾಗಿ ಹೋಲಿಸಬೇಕಾದರೆ ರಕ್ತಕ್ಕೆ ಸೇರಬಹುದಾದ ಪಾಲನ್ನು ನೋಡಬೇಕು: 160 ಮಿಲಿಗ್ರಾಂನ ಶೇಕಡಾ 0.2 ಎಂದರೆ 0.32, ಮಿತಿಯ 0.24ರಲ್ಲಿ ಶೇಕಡಾ 10 ಎಂದರೆ 0.024. ಸಲ್ಫೈಡಿನ ಹೀರಿಕೆಗೆ ಹಿಡಿದಿರುವುದು ಮೇಲ್ಮಿತಿಯಾದ್ದರಿಂದ ನಿಜವಾದ ಅಂಕಿ ಇದಕ್ಕಿಂತ ಸಾಕಷ್ಟು ಕಡಿಮೆಯೇ ಇರಬಹುದು. ಅಷ್ಟಾದರೂ ಹದಿಮೂರು ಪಟ್ಟಿನವರೆಗೆ ಹೋಗಲು ಜಾಗವಿದೆ. ಕರಗದ ವಸ್ತುವೆಂಬುದು ನಿಜ, ಆದರೆ ಅದನ್ನು ಎಷ್ಟು ತಿನ್ನುತ್ತೇವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಿರುಪದ್ರವಿ ಎನ್ನಲು ಬರುವುದಿಲ್ಲ. ಒಳಸೇರಿದ ಅಜೈವಿಕ ಪಾದರಸದಲ್ಲಿ ಅರ್ಧ ಹೊರಹೋಗಲು ಒಂದರಿಂದ ಎರಡು ತಿಂಗಳು ಹಿಡಿಯುವುದರಿಂದ, ದಿನವೂ ನುಂಗುವವರಲ್ಲಿ ಅದು ಏರುತ್ತಲೇ ಹೋಗಿ ಕೆಲವು ತಿಂಗಳಾದ ಮೇಲೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ.

ಇದು ಲೇಬಲ್ ಇರುವ ಮಾತ್ರೆಯ ಲೆಕ್ಕ. ಕಪ್ಪು ಪುಡಿಯಲ್ಲಿ ಏನಿತ್ತು, ಎಷ್ಟಿತ್ತು ಎಂಬುದಕ್ಕೆ ಲೆಕ್ಕವೇ ಇಲ್ಲ. ಸಮಭಾಗದ ಕಜ್ಜಲಿಯಾಗಿದ್ದರೆ ಅದರ ಅರ್ಧ ತೂಕ ಪಾದರಸವೇ.

ಖಲ್ವ

ನಾನು ರಸಶಾಸ್ತ್ರ ಓದಿ, ಅದನ್ನೇ ಪಾಠ ಹೇಳುತ್ತಿರುವವನು. ಮೇಷ್ಟ್ರ ಲೆಕ್ಕವನ್ನು ಒಪ್ಪುತ್ತೇನೆ. ನಮ್ಮ ಕಡೆಯಿಂದ ಹೇಳಬೇಕಾದುದನ್ನೂ ಹೇಳುತ್ತೇನೆ.

ಕಜ್ಜಲಿ ಮಾಡುವಾಗ ಶುದ್ಧಪಾರದ (ಪಾದರಸ) ಮತ್ತು ಶುದ್ಧಗಂಧಕವನ್ನು ಖಲ್ವದಲ್ಲಿ ಹಾಕಿ, ಹೊಳಪು ಸಂಪೂರ್ಣ ಅಡಗುವವರೆಗೆ ಅರೆಯಬೇಕು. ಗಂಟೆಗಳ ಕೆಲಸವಲ್ಲ, ದಿನಗಳ ಕೆಲಸ. ಮೊದಲು ಹಳದಿ ಪುಡಿಯ ನಡುವೆ ಬೆಳ್ಳಿಯ ಹನಿಗಳು ಓಡಾಡುತ್ತಿರುತ್ತವೆ, ಬಳಿಕ ಬೂದು ಬಣ್ಣ, ಕೊನೆಗೆ ಕಾಡಿಗೆಯಂಥ ಕಪ್ಪು. ಚಿಟಿಕೆ ಪುಡಿಯನ್ನು ಅಂಗೈಯಲ್ಲಿಟ್ಟು ಹನಿ ನೀರು ಹಾಕಿ ತಿಕ್ಕಿ, ಬಿಸಿಲಿಗೆ ಹಿಡಿದು ನೋಡಿದರೆ ಒಂದು ಚುಕ್ಕಿಯೂ ಮಿನುಗಬಾರದು, ಅದೇ ನಿಶ್ಚಂದ್ರತ್ವ. ಬೆರಳ ಗೆರೆಗಳೊಳಗೆ ಇಳಿದು ನಿಂತರೆ ರೇಖಾಪೂರ್ಣತ್ವ, ನಿಂತ ನೀರಿನ ಮೇಲೆ ತೇಲಿದರೆ ವಾರಿತರತ್ವ. ಈ ಪರೀಕ್ಷೆಗಳು ಮೂಢನಂಬಿಕೆಯಲ್ಲ. ಬಂಧನಕ್ಕೆ ಸಿಲುಕದ ಬಿಡಿ ಪಾದರಸ ಕಣ್ಣಿಗೆ ಕಾಣುವಷ್ಟು ಉಳಿದಿದೆಯೇ, ಪುಡಿ ಎಷ್ಟು ನುಣುಪಾಗಿದೆ ಎಂಬುದನ್ನು ಅವು ಸರಿಯಾಗಿಯೇ ಹೇಳುತ್ತವೆ. ಸಮ ತೂಕದಲ್ಲಿ ತೆಗೆದುಕೊಂಡರೆ ಗಂಧಕ ಸಲ್ಫೈಡಿಗೆ ಬೇಕಾದುದಕ್ಕಿಂತ ಆರು ಪಟ್ಟು ಇರುತ್ತದೆ. ಆದ್ದರಿಂದ ಬಿಡಿ ಪಾದರಸ ಉಳಿದಿದ್ದರೆ ಅದು ಗಂಧಕದ ಕೊರತೆಯಿಂದಲ್ಲ, ಅರೆಯುವವರ ಅವಸರದಿಂದ. ಇಂದು ಯಂತ್ರದಲ್ಲಿ ಅರೆಯುವ ಕಡೆಯೂ ಈ ಅವಸರ ಇದ್ದೇ ಇದೆ.

ಆದರೆ ಈ ಪರೀಕ್ಷೆಗಳು ಹೇಳದ ಸಂಗತಿಯೂ ಇದೆ, ನನ್ನ ವಿದ್ಯಾರ್ಥಿಗಳಿಗೆ ಅದನ್ನು ಪ್ರತಿ ವರ್ಷ ಒತ್ತಿ ಹೇಳುತ್ತೇನೆ. ಅಂಗೈಯ ಪರೀಕ್ಷೆಗೆ ಕಾಣುವುದು ಖಲ್ವದಲ್ಲಿ ಆಗಿರುವುದು ಮಾತ್ರ, ಒಂದು ವರ್ಷ ಸೇವಿಸಿದ ಮನುಷ್ಯನ ಮೂತ್ರಪಿಂಡದಲ್ಲಿ ಆಗುತ್ತಿರುವುದು ಅಲ್ಲ. ರಸೌಷಧಿಗಳ ಹೆಗ್ಗಳಿಕೆಯಾಗಿ ನಾವೇ ಹೇಳಿಕೊಂಡು ಬಂದಿರುವುದು ಅಲ್ಪಮಾತ್ರೆ (ಕಡಿಮೆ ಪ್ರಮಾಣ) ಮತ್ತು ಶೀಘ್ರಫಲ. ಅಂಥ ಔಷಧಿಯನ್ನು ವರ್ಷಗಟ್ಟಲೆ, ಅದೂ ಎರಡು ಕಡೆಯಿಂದ, ನಡುವೆ ಒಮ್ಮೆಯೂ ಮೂತ್ರಪರೀಕ್ಷೆ ಮಾಡಿಸದೆ ಕೊಡುವುದನ್ನು ನಾನು ಶಾಸ್ತ್ರೀಯ ಚಿಕಿತ್ಸೆ ಎಂದು ಒಪ್ಪಲಾರೆ. ಪುಡಿಯಲ್ಲಿ ಕಜ್ಜಲಿ ಇದ್ದು, ಮಾತ್ರೆಯಲ್ಲೂ ಕಜ್ಜಲಿ ಇದ್ದರೆ ಒಟ್ಟು ಪ್ರಮಾಣವನ್ನು ಯಾರು ಲೆಕ್ಕ ಹಾಕಿದ್ದರು?

ರಸಕರ್ಪೂರವನ್ನು ಇವುಗಳ ಸಾಲಿಗೆ ಸೇರಿಸಬೇಡಿ. ಅದು ಗಂಧಕವಿಲ್ಲದ ನಿರ್ಗಂಧ ಕಲ್ಪ, ಮೇಲೆ ವೈದ್ಯರು ಹೇಳಿದ ಕ್ಲೋರೈಡು ವರ್ಗಕ್ಕೆ ಸೇರಿದ್ದು. ಬಿಡಿಯಾಗಿ ಸಿಗುವ ರಸಕರ್ಪೂರವನ್ನು ಚರ್ಮರೋಗಕ್ಕೆಂದು ಮನೆಯಲ್ಲೇ ತಂದು ಬಳಸುವವರಿದ್ದಾರೆ. ಅದು ಸರ್ವಥಾ ಸಲ್ಲದು.

ಕಾನೂನಿನ ಒಂದು ವಿಷಯವನ್ನು ಓದುಗರು ತಿಳಿದಿರಬೇಕು. ಔಷಧ ಮತ್ತು ಕಾಂತಿವರ್ಧಕ ನಿಯಮಗಳ ಅನುಸೂಚಿ ಇ(1)ರಲ್ಲಿ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಿದ್ದು, ಪಾರದ, ಹಿಂಗುಲ (ಇಂಗಳೀಕ), ರಸಕರ್ಪೂರ ಮೂರೂ ಅದರಲ್ಲಿವೆ. ಇವುಗಳಿರುವ ಔಷಧಿಯ ಲೇಬಲ್ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕು ಎಂಬ ಎಚ್ಚರಿಕೆ ಇರಲೇಬೇಕು. ಆದರೆ ನಿಯಮ ಕೇಳುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡವಷ್ಟೇ ಬಲ್ಲ ರೋಗಿಗೆ ಅದರಿಂದ ಏನು ಪ್ರಯೋಜನವೋ ಕಾಣೆ. ಇನ್ನು ತಮ್ಮ ಸ್ವಂತ ರೋಗಿಗಳಿಗಾಗಿ ಔಷಧಿ ತಯಾರಿಸುವ ವೈದ್ಯರಿಗೆ ಕಾಯಿದೆಯೇ ತಯಾರಿಕಾ ಪರವಾನಗಿಯಿಂದ ವಿನಾಯಿತಿ ಕೊಟ್ಟಿದೆ. ಕಾಗದದ ಪೊಟ್ಟಣಕ್ಕೆ ಲೇಬಲ್ ಇಲ್ಲದಿರುವುದು ಈ ಕಾರಣದಿಂದ.

ಹಳೇ ರೋಗಿ

ನಾನು ಸಕ್ಕರೆ ಕಾಯಿಲೆಗೆ ವಸಂತಕುಸುಮಾಕರ ರಸವನ್ನು ಅನೇಕ ವರ್ಷಗಳಿಂದ ಬಿಟ್ಟು ಬಿಟ್ಟು ತೆಗೆದುಕೊಳ್ಳುತ್ತಿದ್ದೇನೆ, ನನಗೆ ಏನೂ ಆಗಿಲ್ಲ. ಇಂಗ್ಲಿಷ್ ಔಷಧಿಗಳಿಂದ ಕಿಡ್ನಿ ಕೆಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಒಬ್ಬರಿಗೆ ಆಯಿತೆಂದು ಸಾವಿರಾರು ವರ್ಷಗಳ ಪದ್ಧತಿಯನ್ನು ದೂರುವುದು ಎಷ್ಟು ಸರಿ?

ಮೂತ್ರಪಿಂಡ ವೈದ್ಯ

ನೋವಿನ ಮಾತ್ರೆಗಳಿಂದ ಕಿಡ್ನಿ ಕೆಡುವುದು ನಿಜ, ಅದನ್ನು ದಿನವೂ ನೋಡುತ್ತೇನೆ. ಪಾದರಸದ ವಿಷಯದಲ್ಲಂತೂ ನಮ್ಮ ಪದ್ಧತಿಯ ಚರಿತ್ರೆ ಹೆಮ್ಮೆಪಡುವಂಥದ್ದಲ್ಲ. ಊತ ಇಳಿಸಲು ಪಾದರಸದ ಚುಚ್ಚುಮದ್ದುಗಳನ್ನು 1920ರ ಸುಮಾರಿನಿಂದ 1950ರ ದಶಕದ ಕೊನೆಯವರೆಗೆ ಧಾರಾಳವಾಗಿ ಕೊಟ್ಟೆವು. ಇಂಗ್ಲೆಂಡಿನಲ್ಲಿ ಹಸುಗೂಸುಗಳಿಗೆ ಹಲ್ಲು ಮೂಡುವಾಗ ಕ್ಯಾಲೊಮೆಲ್ ಎಂಬ ಪಾದರಸದ ಲವಣದ ಪುಡಿ ತಿನ್ನಿಸಿ, ಕೈಕಾಲು ಕೆಂಪಾಗಿ ಸಂಕಟಪಡುವ ಕಾಯಿಲೆಯನ್ನು ತಂದಿತ್ತದ್ದೂ ಇದೇ ವೈದ್ಯಶಾಸ್ತ್ರ. ಆ ಪುಡಿಗಳು ಮಾರುಕಟ್ಟೆಯಿಂದ ಹೋದದ್ದು 1950ರ ದಶಕದಲ್ಲಿ. ಪಾದರಸ ಕೊಟ್ಟವರು ಯಾವ ಪದ್ಧತಿಯವರು ಎಂದು ಮೂತ್ರಪಿಂಡ ಕೇಳುವುದಿಲ್ಲ.

ನಿಮಗೆ ಏನೂ ಆಗದಿರುವುದಕ್ಕೂ ಇವರ ಭಾವನವರಿಗೆ ಆಗಿರುವುದಕ್ಕೂ ವಿರೋಧವಿಲ್ಲ. ರೋಗನಿರೋಧಕ ವ್ಯವಸ್ಥೆಯ ಮೂಲಕ ಬರುವ ಈ ಕಾಯಿಲೆಗೆ ಹುಟ್ಟಿನಿಂದ ಬಂದ ಒಲವೂ ಬೇಕು. ಪ್ರಯೋಗಶಾಲೆಯ ಇಲಿಗಳಲ್ಲೂ ಹೀಗೆಯೇ: ಬ್ರೌನ್ ನಾರ್ವೆ ಎಂಬ ತಳಿಗೆ ಅಲ್ಪ ಪ್ರಮಾಣದ ಪಾದರಸ ಕೊಟ್ಟರೆ ಪ್ರತಿಕಾಯಗಳು ಎದ್ದು ಮೂತ್ರಪಿಂಡದ ಮೇಲೆ ಕೂರುತ್ತವೆ, ಅದೇ ಪ್ರಮಾಣಕ್ಕೆ ಬೇರೆ ಕೆಲವು ತಳಿಗಳು ಜಗ್ಗುವುದಿಲ್ಲ. ಯಾರಲ್ಲಿ ಆ ಒಲವಿದೆ ಎಂದು ಮುಂಚಿತವಾಗಿ ಹೇಳುವ ಪರೀಕ್ಷೆ ನಮ್ಮ ಬಳಿ ಇಲ್ಲ.

ನಿಮ್ಮ ವಿಷಯದಲ್ಲಿ ನನಗೆ ಬೇರೆ ಕಳವಳವಿದೆ. ಸಕ್ಕರೆ ಕಾಯಿಲೆಯೇ ಮೂತ್ರಪಿಂಡಕ್ಕೆ ದೊಡ್ಡ ಶತ್ರು. ಮೂತ್ರದಲ್ಲಿ ಅಲ್ಬುಮಿನ್ ಕಾಣಿಸಿಕೊಂಡರೆ ಅದು ಸಕ್ಕರೆಯಿಂದಲೇ ಬಂತೆಂದು ಎಲ್ಲರೂ ಸುಲಭವಾಗಿ ಭಾವಿಸುತ್ತಾರೆ, ರಸೌಷಧಿಯ ವಿಚಾರ ಯಾರ ಗಮನಕ್ಕೂ ಬರುವುದಿಲ್ಲ. ಕಳೆದ ಬಾರಿ ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಮಾಡಿಸಿದ್ದು ಯಾವಾಗ? ಮಾಡಿಸಿಲ್ಲವಾದರೆ ಮಾಡಿಸಿ, ನಿಮ್ಮ ಸಕ್ಕರೆಯ ವೈದ್ಯರಿಗೆ ಈ ಔಷಧಿಯ ಹೆಸರನ್ನೂ ಹೇಳಿ.

ಕಡಲತಡಿ

ಒಂದು ಸೇರಿಕೆ. ಹೊಟ್ಟೆಗೆ ತೆಗೆದುಕೊಂಡ ಔಷಧಿಯನ್ನು ಮಾತ್ರ ಕೇಳಿದರೆ ಸಾಲದು, ಮುಖಕ್ಕೆ ಹಚ್ಚಿದ್ದನ್ನೂ ಕೇಳಬೇಕು. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರಿಂದ 2023ರ ನಡುವೆ ಕಂಡ 22 ಮಂದಿ ಮೆಂಬ್ರೇನಸ್ ರೋಗಿಗಳಲ್ಲಿ 15 ಮಂದಿಯದು ನೆಲ್-1 ಬಗೆಯಾಗಿತ್ತು. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮುಗಳನ್ನು ಹಚ್ಚುತ್ತಿದ್ದರು. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನು ತಡೆಯಲು ಅವುಗಳಿಗೆ ಪಾದರಸದ ಲವಣ ಸೇರಿಸುತ್ತಾರೆ, ಅದು ಚರ್ಮದ ಮೂಲಕ ಒಳಗಿಳಿಯುತ್ತದೆ. ಇದು ಹೊಸದೂ ಅಲ್ಲ: ನೈರೋಬಿಯ ವೈದ್ಯರು ಇಂಥದೇ ಕ್ರೀಮು ಬಳಸಿದವರ ಪ್ರೋಟೀನು ಸೋರಿಕೆಯನ್ನು 1972ರಲ್ಲಿಯೇ ವರದಿ ಮಾಡಿದ್ದರು. ಕೊಲ್ಲಿ ದೇಶಗಳಿಂದ ಬರುವವರು ಪೆಟ್ಟಿಗೆಯಲ್ಲಿ ತರುವ, ತಯಾರಕರ ವಿಳಾಸವಿಲ್ಲದ ಡಬ್ಬಿಗಳು ನಮ್ಮ ಮಂಗಳೂರು, ಭಟ್ಕಳದ ಕಡೆಯೂ ಓಡಾಡುತ್ತವೆ.

ಸೀಗೆಮಕ್ಕಿ

ಎಲ್ಲರಿಗೂ ಧನ್ಯವಾದಗಳು. ಭಾವನವರು ಕ್ರೀಮು ಹಚ್ಚುವವರಲ್ಲ. ಎರಡೂ ಔಷಧಿಗಳನ್ನು ನಿಲ್ಲಿಸಿದ್ದಾರೆ. ಇನ್ನೆರಡು ಸಂದೇಹಗಳಿವೆ. ಮೈಯಲ್ಲಿ ಸೇರಿರುವ ಪಾದರಸವನ್ನು ಹೊರತೆಗೆಯುವ ಔಷಧಿಗಳಿವೆಯಂತೆ. ಪರಿಚಯದವರೊಬ್ಬರು ಪೆನಿಸಿಲಮಿನ್ ಹೆಸರು ಹೇಳಿದರು. ಅದನ್ನು ಕೊಡಿಸಬೇಕೇ? ಉಳಿದ ಪೊಟ್ಟಣಗಳನ್ನು ಏನು ಮಾಡುವುದು? ಮನೆಯಲ್ಲಿ ಅವನ್ನು ಒಲೆಗೆ ಹಾಕಿಬಿಡೋಣ ಎನ್ನುತ್ತಿದ್ದಾರೆ.

ಖಲ್ವ

ದಯವಿಟ್ಟು ಒಲೆಗೆ ಹಾಕಬೇಡಿ. ಕಜ್ಜಲಿಯನ್ನು ಬಯಲಲ್ಲಿ ಸುಟ್ಟರೆ ಗಂಧಕ ಉರಿದುಹೋಗಿ ಪಾದರಸ ಆವಿಯಾಗುತ್ತದೆ. ಹೊಟ್ಟೆಗೆ ಹೋದ ದ್ರವ ಪಾದರಸ ಬಹುಪಾಲು ಹಾಗೆಯೇ ಹೊರಬಂದೀತು, ಆದರೆ ಉಸಿರಾಡಿದ ಆವಿಯಲ್ಲಿ ನೂರಕ್ಕೆ ಎಂಬತ್ತು ಪಾಲು ರಕ್ತಕ್ಕೆ ಇಳಿಯುತ್ತದೆ. ಅಡುಗೆಮನೆಯಲ್ಲಿ ಮಕ್ಕಳೂ ಇರುತ್ತಾರೆ. ರಸಶಾಲೆಯಲ್ಲಿ ಕೂಪೀಪಕ್ವ ಮಾಡುವಾಗ, ಅಂದರೆ ಔಷಧಿಯನ್ನು ಕುಪ್ಪಿಯಲ್ಲಿಟ್ಟು ಬೇಯಿಸುವಾಗ, ನಾವು ಗಾಳಿಯಾಡುವ ಜಾಗವನ್ನೇ ಆರಿಸಿಕೊಳ್ಳುವುದು ಈ ಭಯದಿಂದ. ಪೊಟ್ಟಣಗಳನ್ನು ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಮೇಲೆ ದಿನಾಂಕ ಬರೆದಿಡಿ. ಮಾತ್ರೆಯ ಡಬ್ಬಿಯನ್ನೂ ಇಟ್ಟುಕೊಳ್ಳಿ, ಅದರ ಬ್ಯಾಚ್ ಸಂಖ್ಯೆ ಬೇಕಾಗುತ್ತದೆ.

ಆಯುಷ್ ಔಷಧಿಗಳ ಅಡ್ಡಪರಿಣಾಮಗಳನ್ನು ದಾಖಲಿಸಿಕೊಳ್ಳಲು ರಾಷ್ಟ್ರೀಯ ವ್ಯವಸ್ಥೆಯೊಂದಿದೆ. ಅದರ ಸಮನ್ವಯ ಕೇಂದ್ರ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿದೆ. ಹತ್ತಿರದ ಆಯುರ್ವೇದ ಕಾಲೇಜಿನಲ್ಲಿ ಫಾರ್ಮಕೋವಿಜಿಲೆನ್ಸ್ ವಿಭಾಗವಿದೆಯೇ ಎಂದು ವಿಚಾರಿಸಿ ವರದಿ ಕೊಡಿ. ನಮ್ಮವರೇ ವರದಿ ಕೊಡಲು ಹಿಂಜರಿಯುತ್ತಾರೆ, ಆಮೇಲೆ ರಸೌಷಧಿಗಳಿಂದ ತೊಂದರೆಯಾದ ದಾಖಲೆಯೇ ಇಲ್ಲ ಎಂದು ವಾದಿಸುತ್ತಾರೆ. ಇದು ನನಗೆ ಬಹಳ ದಿನದಿಂದ ಇರುವ ಬೇಸರ.

ಮೂತ್ರಪಿಂಡ ವೈದ್ಯ

ಪೆನಿಸಿಲಮಿನ್ ಬೇಡ. ಅದು ಪಾದರಸವನ್ನು ಹಿಡಿದು ಹೊರತರಬಲ್ಲದು ನಿಜ, ಆದರೆ ಮೆಂಬ್ರೇನಸ್ ನೆಫ್ರೋಪತಿಯನ್ನು ತಾನೇ ಉಂಟುಮಾಡುವ ಔಷಧಿಗಳ ಪಟ್ಟಿಯಲ್ಲಿ ಅದರ ಹೆಸರು ಹಳೆಯದು. ಬ್ಯುಸಿಲಮಿನ್, ಟಿಯೊಪ್ರೊನಿನ್ ಮುಂತಾದ ಅದರ ಹತ್ತಿರದ ಔಷಧಿಗಳೂ, ನರದೌರ್ಬಲ್ಯಕ್ಕೆಂದು ಕೊಡುವ ಲಿಪೊಯಿಕ್ ಆಮ್ಲವೂ ನೆಲ್-1 ಬಗೆಯ ಕಾಯಿಲೆಯೊಂದಿಗೆ ಕಾಣಿಸಿಕೊಂಡಿವೆ. ಇವೆಲ್ಲವೂ ಗಂಧಕದ ಗುಂಪನ್ನು ಹೊತ್ತ ಅಣುಗಳು. ಪಾದರಸ ಅಂಟಿಕೊಳ್ಳುವುದೂ ಅದೇ ಗುಂಪಿಗೆ. ಭಾವನವರು ಈಗ ತೆಗೆದುಕೊಳ್ಳುತ್ತಿರುವ ವಿಟಮಿನ್ ಮಾತ್ರೆಗಳಲ್ಲಿ ಲಿಪೊಯಿಕ್ ಆಮ್ಲ ಇದೆಯೇ ಎಂದು ಇವತ್ತೇ ನೋಡಿಬಿಡಿ. ನಮ್ಮಲ್ಲಿ ಬಿ12 ಜೊತೆ ಅದನ್ನು ಸೇರಿಸಿ ಮಾರುವುದು ಬಹಳ.

ಪಾದರಸ ಹೊರತೆಗೆಯಲು ಡಿಎಂಎಸ್‌ಎಯಂಥ ಬೇರೆ ಔಷಧಿಗಳಿವೆ. ಕೈನಡುಕ, ಮನಸ್ಸಿನ ಕಳವಳ, ಬಾಯಿಹುಣ್ಣು ಮುಂತಾದ ಪಾದರಸಬಾಧೆಯ ಲಕ್ಷಣಗಳಿದ್ದರೆ ಅಥವಾ ಮಟ್ಟ ತೀರಾ ಹೆಚ್ಚಿದ್ದರೆ ಅವುಗಳ ವಿಚಾರ ಮಾಡುತ್ತೇವೆ. ಇಲ್ಲದಿದ್ದರೆ ಮೂಲವನ್ನು ನಿಲ್ಲಿಸಿ ಕಾಯುವುದೇ ಚಿಕಿತ್ಸೆ. ಅದನ್ನು ನಿರ್ಧರಿಸಲು ಮೂತ್ರದ ಪಾದರಸದ ಮಟ್ಟ ಬೇಕು. ರಕ್ತದ ಮಟ್ಟವೊಂದನ್ನೇ ನೋಡಿದರೆ ಮೋಸವಾಗಬಹುದು, ಏಕೆಂದರೆ ಸಮುದ್ರದ ಮೀನು ತಿನ್ನುವವರ ರಕ್ತದಲ್ಲಿ ಮೀಥೈಲ್ ಪಾದರಸ ಹೇಗೂ ಇರುತ್ತದೆ. ಔಷಧಿಯ ಮೂಲಕ ಬಂದ ಅಜೈವಿಕ ಪಾದರಸವನ್ನು ಮೂತ್ರವೇ ಚೆನ್ನಾಗಿ ತೋರಿಸುತ್ತದೆ. ಪ್ರಯೋಗಾಲಯದವರೇ ಕೊಡುವ, ಲೋಹಮುಕ್ತವಾಗಿ ತೊಳೆದ ಡಬ್ಬಿಯಲ್ಲಿ ಮಾದರಿ ಕೊಡಬೇಕು. ನಿಲ್ಲಿಸಿ ವಾರಗಳು ಕಳೆದಂತೆ ಮಟ್ಟ ಇಳಿಯುತ್ತ ಹೋಗುವುದರಿಂದ ಇದನ್ನು ತಡಮಾಡಬೇಡಿ. ಪುಡಿಯನ್ನೂ ಅಲ್ಲಿಯೇ ಪರೀಕ್ಷೆಗೆ ಕೊಡಿ. ಮೂತ್ರದ ಪ್ರೋಟೀನು ಮತ್ತು ರಕ್ತದ ಅಲ್ಬುಮಿನನ್ನು ಮೊದಲ ಮೂರು ತಿಂಗಳು ಪ್ರತಿ ತಿಂಗಳೂ ನೋಡಲಿ. ಸೋರಿಕೆ ಇಳಿಮುಖವಾಗಿದ್ದರೆ ಅದು ಶೂನ್ಯಕ್ಕೆ ಬಂದಿಲ್ಲವೆಂದು ಸ್ಟೀರಾಯ್ಡಿಗೆ ಅವಸರಪಡಬೇಕಾಗಿಲ್ಲ; ಆರು ತಿಂಗಳಾದರೂ ಇಳಿಯದಿದ್ದರೆ ಅಥವಾ ನಡುವೆ ಕ್ರಿಯಾಟಿನಿನ್ ಏರತೊಡಗಿದರೆ ಆಗ ನಿಮ್ಮ ವೈದ್ಯರು ಮುಂದಿನ ಔಷಧಿಯ ಮಾತು ತೆಗೆಯುತ್ತಾರೆ.